ಮೋಟಾರು ಹತ್ತದ ಬೆಟ್ಟ

ಬಿ.ಎ. ಮುಗಿಸಿ ಸುಸ್ಥಿರ ಪ್ರವಾಸೋದ್ಯಮದ ಸ್ನಾತಕೋತ್ತರ ಓದಿಗೆ ಸೇರುತ್ತೇನೆ ಎಂದಾಗ ಠಾಣೆಯ ನೌಪಾಡಾದ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ: "ಊರು ತೋರಿಸುವುದಕ್ಕೂ ಓದು ಬೇಕೆ?" ಕುಂದಾಪುರದಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತ ಅಪ್ಪನಿಗೆ ಬಂದವರನ್ನು ಆದರಿಸುವ ವಿದ್ಯೆಯನ್ನು ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ಅದನ್ನು ನಾನು ಅವರಿಂದಲೇ ಕಲಿತೆ. ಆದರೆ ಬರುವವರಿಗೆ ಎಲ್ಲಿ ಗೆರೆ ಎಳೆಯಬೇಕು, ಆ ಗೆರೆಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದಕ್ಕೆ ಓದು ಬೇಕು, ಅದರಲ್ಲೂ ಇತಿಹಾಸದ ಓದು ಬೇಕು. ನಮ್ಮ ಠಾಣೆಯ ಮಟ್ಟಿಗೆ ಆ ಇತಿಹಾಸದ ಹೆಸರು ಮಾಥೇರಾನ್.

ಇಂದು ರಾಯಗಡ ಜಿಲ್ಲೆಗೆ ಸೇರಿದ ಈ ಗಿರಿಧಾಮದ ಕಥೆ ಶುರುವಾಗುವುದು ಠಾಣೆಯ ಕಚೇರಿಯಿಂದ. 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಪಾಯಿಂಟ್ಜ್ ಮ್ಯಾಲೆಟ್ ಸುಮಾರು 800 ಮೀಟರ್ ಎತ್ತರದ ಆ ಬೆಟ್ಟ ಹತ್ತಿದ. ಗಿರಿಧಾಮವನ್ನು ಕಂಡುಹಿಡಿದ ಕೀರ್ತಿ ಪುಸ್ತಕಗಳಲ್ಲಿ ಅವನದು. ಠಾಕರ್, ಕಾತಕರಿ, ಧನಗರ ಜನ ಅವನಿಗಿಂತ ಮುಂಚೆಯೇ ಆ ಕಾಡನ್ನು ನಂಬಿ ಬದುಕಿದ್ದರು. ಪ್ರವಾಸದ ಚರಿತ್ರೆಯನ್ನು ಅವರಿಂದ ಆರಂಭಿಸದಿದ್ದರೆ ಮೊದಲ ಪುಟವೇ ತಪ್ಪಾಗುತ್ತದೆ. ಮುಂಬಯಿಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಬೆಟ್ಟವನ್ನು ಗಿರಿಧಾಮವಾಗಿ ಬೆಳೆಸಿದ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ 400 ಅತಿಥಿಗಳನ್ನು ಹೊತ್ತ 14 ಡಬ್ಬಿಗಳ ರೈಲು 34 ಕಿ.ಮೀ. ದೂರದ ಠಾಣೆಗೆ ಬಂತು. ಕೆಲವೇ ವರ್ಷಗಳಲ್ಲಿ ಹಳಿ ಕಲ್ಯಾಣವನ್ನು ದಾಟಿ ಬೆಟ್ಟದ ಬುಡದ ನೇರಳಕ್ಕೂ ತಲುಪಿತು. ಅಲ್ಲಿಂದ ಮೇಲೆ ಕುದುರೆ, ಇಲ್ಲವೇ ಮನುಷ್ಯರ ಹೆಗಲ ಮೇಲಿನ ಪಲ್ಲಕ್ಕಿ. ಬೇಸಗೆಯ ತಂಪನ್ನು ಅರಸಿ ಬಂದವರನ್ನು ಹೊತ್ತವರು ಆ ತಂಪಿನಲ್ಲೂ ಬೆವರುತ್ತಿದ್ದರು.

1904ರಿಂದ 1907ರವರೆಗೆ ಅಬ್ದುಲ್ ಹುಸೇನ್ ಆದಮ್‌ಜಿ ಪೀರ್‌ಭಾಯ್ ನೇರಳದಿಂದ ಮಾಥೇರಾನಿಗೆ ಎರಡಡಿ ಅಗಲದ ಪುಟ್ಟ ರೈಲುಹಳಿ ಹಾಕಿಸಿದರು. ಖರ್ಚಾದ 16 ಲಕ್ಷ ರೂಪಾಯಿ ಅವರ ತಂದೆ ಸರ್ ಆದಮ್‌ಜಿಯವರದು. ಸುಮಾರು 21 ಕಿ.ಮೀ. ಉದ್ದದ ಈ ದಾರಿ ಬೆಟ್ಟದ ಮೈಯನ್ನು ಅನುಸರಿಸಿ ಬಳುಕುತ್ತ ಏರುತ್ತದೆ. 2005ರ ಜುಲೈ ಪ್ರವಾಹದಲ್ಲಿ ಅದು ಕೊಚ್ಚಿಹೋಯಿತು. 2007ರಲ್ಲಿ ರೈಲು ಮತ್ತೆ ಓಡಿತು. 2019ರ ಮಳೆ ಮತ್ತೆ ಹಳಿ ಕೆಡಿಸಿತು. ಪ್ರತಿ ಸಲವೂ ಅದನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ.

ಮಾಥೇರಾನಿನ ದೊಡ್ಡ ಸಂಪ್ರದಾಯವೆಂದರೆ ಊರೊಳಗೆ ಮೋಟಾರಿಗೆ ಪ್ರವೇಶವಿಲ್ಲದಿರುವುದು. ಕಾರುಗಳೆಲ್ಲ ದಸ್ತುರಿ ನಾಕಾದಲ್ಲೇ ನಿಲ್ಲಬೇಕು. ಬಹುಕಾಲ ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮಾತ್ರ ವಿನಾಯಿತಿ ಇತ್ತು. 2003ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಾಥೇರಾನ್ ಮತ್ತು ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಕಾಡು ಉಳಿಯಿತು, ಕುದುರೆಯವರ ಅನ್ನವೂ ಉಳಿಯಿತು. ನಮ್ಮ ಪಠ್ಯಗಳು ಇಂಥದ್ದನ್ನು ಯಶಸ್ಸಿನ ಕಥೆಯೆಂದು ಹೇಳಿ ಮುಗಿಸುತ್ತವೆ.

ನನಗೆ ಓದು ಶುರುವಾಗುವುದೇ ಅಲ್ಲಿಂದ. ಮೋಟಾರು ನಿಂತಾಗ ಅದರ ಕೆಲಸವನ್ನು ಮನುಷ್ಯರ ಮೈ ಮಾಡಿತು. ಮುಂದೆ ಒಬ್ಬ ಎಳೆಯುತ್ತ, ಹಿಂದೆ ಇನ್ನಿಬ್ಬರು ತಳ್ಳುತ್ತ ಸಾಗುವ ಕೈರಿಕ್ಷಾ ಏರುದಾರಿಯಲ್ಲಿ ಉಬ್ಬಸ ಬರಿಸುವ ದುಡಿಮೆ. ಅದನ್ನು ಬಿಡಿಸಬೇಕೆಂಬ ಮೊರೆ ಸುಪ್ರೀಂ ಕೋರ್ಟ್ ತನಕ ಹೋಯಿತು. 2022ರ ಕೊನೆಯಲ್ಲಿ ಇ-ರಿಕ್ಷಾಗಳ ಪ್ರಯೋಗ ನಡೆಯಿತು. ಕುದುರೆಯವರು ತಮ್ಮ ಹೊಟ್ಟೆಪಾಡಿನ ಪ್ರಶ್ನೆ ಎತ್ತಿದರು. ಕೆಂಪು ಮಣ್ಣಿನ ದಾರಿಗೆ ಪೇವರ್ ಕಲ್ಲು ಹಾಸಬೇಕೋ ಬೇಡವೋ ಎಂಬ ಜಗಳವೂ ಜೊತೆಗೂಡಿತು: ಹಾಸದಿದ್ದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಹಾಸಿದರೆ ದಾರಿಯ ಗುಣವೇ ಬದಲಾಗುತ್ತದೆ. 2025ರ ಆಗಸ್ಟಿನಲ್ಲಿ ನ್ಯಾಯಾಲಯ ಕೈರಿಕ್ಷಾವನ್ನು ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾದ ಮೂಲಕ ಬದುಕು ಕಲ್ಪಿಸಬೇಕೆಂದು ಆದೇಶಿಸಿತು. ಪಲ್ಲಕ್ಕಿಯ ಕಾಲದಿಂದ ಬೆಟ್ಟದ ಸೊಬಗಿನ ಬೆಲೆ ತೆತ್ತವರ ಮಾತು ಕಾನೂನಾಗಲು ಇಷ್ಟು ಕಾಲ ಬೇಕಾಯಿತು.

ಜವಾಬ್ದಾರಿಯುತ ಪ್ರವಾಸೋದ್ಯಮದ ಕುರಿತು 2002ರ ಕೇಪ್ ಟೌನ್ ಘೋಷಣೆ ಮುಂದಿಟ್ಟ ತತ್ತ್ವ ಸರಳ: ಊರು ಮೊದಲು ಅಲ್ಲಿನವರ ಬಾಳಿಗೆ ಹಿತವಾಗಬೇಕು, ಆಮೇಲೆ ನೋಡುವವರಿಗೆ. ಮಾಥೇರಾನಿನಲ್ಲಿ ಮರಗಳ ಪರವಾಗಿ ಬಹು ಬೇಗ ಗೆರೆ ಎಳೆಯಲಾಯಿತು. ರಿಕ್ಷಾ ಎಳೆಯುವವನ ಪರವಾಗಿ ಬಹಳ ತಡವಾಗಿ. ಈ ಅಂತರವನ್ನು ಗುರುತಿಸುವ ಕಣ್ಣನ್ನೇ ನಾನು ಈ ಕ್ಷೇತ್ರದ ನಾಯಕತ್ವ ಎನ್ನುತ್ತೇನೆ.

ಈಗ ಅದೇ ಪ್ರಶ್ನೆ ಠಾಣೆ ಖಾಡಿಯ ದಡಕ್ಕೂ ಬಂದಿದೆ. 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾದ ಈ ಖಾಡಿಗೆ 2022ರಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸಾರ್ ಮಾನ್ಯತೆ ಸಿಕ್ಕಿತು. ಹಕ್ಕಿ ನೋಡುವವರನ್ನು ಹೊತ್ತ ದೋಣಿಗಳು ಐರೋಲಿಯಿಂದ ಹೊರಡುತ್ತವೆ. ಎಷ್ಟು ದೋಣಿ ಓಡಬೇಕು, ಯಾವ ತಿಂಗಳಲ್ಲಿ ನಿಲ್ಲಬೇಕು, ದುಡ್ಡು ಯಾರ ಕೈಸೇರಬೇಕು ಎಂದು ಗೊತ್ತುಮಾಡುವಾಗ, ಈ ನೀರಿನ ಏರಿಳಿತವನ್ನು ತಲೆಮಾರುಗಳಿಂದ ಬಲ್ಲ ಚೆಂದಣಿ ಕೋಳಿವಾಡದ ಮೀನುಗಾರರಂಥವರನ್ನು ನಿಯಮ ಬರೆಯುವ ಮುಂಚೆಯೇ ಕರೆದು ಕೂರಿಸಬೇಕು. ಬರೆದಾದ ಮೇಲೆ ಕರೆದರೆ ಅವರಿಗೂ ಕೋರ್ಟಿನ ದಾರಿಯೇ ಗತಿ. ಅವರನ್ನು ಮೊದಲೇ ಕರೆಯುವ ಅಧಿಕಾರಿಯಾಗಬೇಕೆಂದೇ ನಾನು ಓದುತ್ತಿದ್ದೇನೆ.