ಕೂಲಿ ಕಡಿಮೆ ಯಾಕಿತ್ತು?

ಗೆಳೆಯರೇ, ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಬೇಡಿಕೆ-ಪೂರೈಕೆ ಗೆರೆ ಎಳೆದು ಮಕ್ಕಳಿಗೆ ಒಂದು ಮಾತು ಹೇಳ್ತಾರೆ: ಕೂಲಿ ಕಡಿಮೆ ಇರೋ ಕಡೆಯಿಂದ ಜಾಸ್ತಿ ಇರೋ ಕಡೆಗೆ ಜನ ಹೋಗ್ತಾರೆ. ಸರಿ. ಆದ್ರೆ ಹೊರಟ ಊರಲ್ಲಿ ಕೂಲಿ ಕಡಿಮೆ ಯಾಕಿತ್ತು? ಅದನ್ನ ಯಾರೂ ಕೇಳಲ್ಲ.

ಸಿಲೋನ್ ತೋಟಗಳ ಚರಿತ್ರೆ ನೋಡಿ. 19ನೇ ಶತಮಾನದಲ್ಲಿ ಬ್ರಿಟಿಷರು ಅಲ್ಲಿನ ಗುಡ್ಡಗಳಲ್ಲಿ ಮೊದಲು ಕಾಫಿ, ಆಮೇಲೆ ಟೀ ಬೆಳೆದರು. ದುಡಿಯಲು ತಮಿಳು ಸೀಮೆಯಿಂದ ಜನ ಹೋದರು. ಅವರಲ್ಲಿ ದೊಡ್ಡ ಪಾಲು ಪರೈಯರ್, ಪಳ್ಳರ್, ಚಕ್ಕಿಲಿಯರ್. ಊರಲ್ಲಿ ಅವರಿಗೆ ತುಂಡು ಭೂಮಿ ಇರಲಿಲ್ಲ. 1843ರ ಕಾಯ್ದೆ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆ ತೆಗೆಯಿತು, ಜೀತ ಹೋಗಲಿಲ್ಲ. 1876-78ರ ಬರ ಬಂದಾಗ ಮೊದಲು ಹಸಿದವರೂ ಇವರೇ. ಕೂಲಿ ಕಡಿಮೆ ಇದ್ದದ್ದು ಮಾರುಕಟ್ಟೆಯಿಂದಲ್ಲ, ಜಾತಿಯಿಂದ.

ಹಾಗಂತ ಹೋದವರೆಲ್ಲ ಬರೀ ಬಲಿಪಶುಗಳು ಅನ್ನಬೇಡಿ. ಆಳುಗಳು ಸಮುದ್ರ ದಾಟಿ ಹೋಗ್ತಿದ್ದಾರೆ ಅಂತ ತಂಜಾವೂರಿನ ಮಿರಾಸುದಾರರು ಗೋಳಾಡಿದರು. ಧಣಿಗೆ ನೋವಾಗಿದೆ ಅಂದ್ರೆ, ಆಳಿಗೆ ಒಂದು ಬಾಗಿಲು ತೆರೆದಿದೆ ಅಂತಲೇ ಅರ್ಥ.

ಆದ್ರೆ ಆ ಬಾಗಿಲ ಆಚೆ ಕಂಗಾಣಿ ನಿಂತಿದ್ದ. ದಾರಿ ಖರ್ಚಿನ ಮುಂಗಡವೇ ಸಾಲವಾಯ್ತು. ಬೇರೆ ತೋಟಕ್ಕೆ ಹೋಗಬೇಕಾದ್ರೆ ಸಾಲದ ಮೊತ್ತ ಬರೆದ ‘ತುಂಡು’ ಚೀಟಿ ಬೇಕು. ಹೊಸ ತೋಟ ಆ ಸಾಲ ತೀರಿಸಿದರೆ ಮಾತ್ರ ಬಿಡುಗಡೆ. 1921ರವರೆಗೂ ಇದು ನಡೀತು. ವಾಸಕ್ಕೆ ಲೈನ್ ಮನೆ.

ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಕರಿಯ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್, 1979ರ ನೊಬೆಲ್ ಪಡೆದವರು, ಒಂದು ಲೆಕ್ಕ ಕೊಟ್ಟಿದ್ದಾರೆ. 1880ರ ದಶಕದಲ್ಲಿ ಉಷ್ಣವಲಯದ ತೋಟದ ಆಳಿಗೆ ದಿನಕ್ಕೆ 1 ಶಿಲ್ಲಿಂಗ್, ಆಸ್ಟ್ರೇಲಿಯಾದಲ್ಲಿ ಕಟ್ಟಡದ ಕೂಲಿಗೆ 9 ಶಿಲ್ಲಿಂಗ್. ಹಾಗಾದ್ರೆ ಪಾಠದ ಪ್ರಕಾರ ನಮ್ಮವರು ಆಸ್ಟ್ರೇಲಿಯಾಕ್ಕೆ ಹೋಗಬೇಕಿತ್ತಲ್ಲ? ಬಿಳಿಯರ ದೇಶಗಳು ಕಾನೂನು ಮಾಡಿ ಏಷ್ಯಾದವರಿಗೆ ಬಾಗಿಲು ಹಾಕಿದವು. ಆ 9 ಶಿಲ್ಲಿಂಗನ್ನು ಕಾಯುತ್ತಿದ್ದದ್ದರಲ್ಲಿ ಆ ಕಾನೂನಿನ ಪಾಲೂ ಇತ್ತು.

ಮುಂದೆ ಏನಾಯ್ತು? 1948ರಲ್ಲಿ ಸ್ವತಂತ್ರವಾದ ಸಿಲೋನ್, ಅದೇ ವರ್ಷ ಪೌರತ್ವ ಕಾಯ್ದೆ ತಂದು ಇವರಲ್ಲಿ ಬಹುಪಾಲು ಜನರನ್ನ ದೇಶವಿಲ್ಲದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಕೂತು 9,75,000 ಜನರನ್ನ ಹಂಚಿಕೊಂಡರು: 5,25,000 ಭಾರತಕ್ಕೆ, 3,00,000 ಲಂಕೆಗೆ, ಉಳಿದ 1,50,000 ಆಮೇಲೆ ನೋಡೋಣ ಅಂತ. ಆ ಉಳಿದವರನ್ನ 1974ರಲ್ಲಿ ಸಮಪಾಲು ಮಾಡಿದರು. ಆ ಜನರನ್ನ ಯಾರೂ ಕೇಳಲಿಲ್ಲ.

ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದರು. ಮತ್ತೆ ತೋಟ, ಮತ್ತೆ ಕೂಲಿ. ತಲೆಮಾರುಗಟ್ಟಲೆ ಜಾತಿಯ ಭಾರ ಹೊತ್ತವರು ಜಾತಿ ಪ್ರಮಾಣಪತ್ರಕ್ಕೆ ಕಚೇರಿ ಕಚೇರಿ ಅಲೆದರು.

ಜಾತಿ ಅಂದ್ರೆ ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಒಡೆಯೋ ವ್ಯವಸ್ಥೆ ಅಂತ ಬಾಬಾಸಾಹೇಬರು ತೋರಿಸಿಕೊಟ್ಟರು. ಅವರೂ ಅರ್ಥಶಾಸ್ತ್ರಜ್ಞರೇ. ಆ ಪಾಠ ಓದೋ ನಮ್ಮ ಮಕ್ಕಳಿಗೆ ನನ್ನ ಮನವಿ ಇಷ್ಟೇ: ಆ ಗೆರೆಯನ್ನ ಚೆನ್ನಾಗಿ ಕಲೀರಿ. ಜೊತೆಗೆ, ಭೂಮಿ ಯಾರದ್ದು, ಸಾಲದ ಚೀಟಿ ಯಾರ ಕೈಲಿದೆ, ಗಡಿಯ ಬಾಗಿಲು ಹಾಕಿದ್ದು ಯಾರು ಅಂತ ಮೇಷ್ಟ್ರನ್ನ ಕೇಳಿ.

ಜೈ ಭೀಮ್.