ತುಟ್ಟಿಭತ್ಯೆಯ ಹಿಂದಿನ ಲೆಕ್ಕ

ತುಟ್ಟಿಭತ್ಯೆ ಎಂಬುದು ಇಂದು ನಮ್ಮಲ್ಲಿ ಮನೆಮಾತು. ಸರ್ಕಾರ ಅದನ್ನು ಹೆಚ್ಚಿಸಿತೆಂಬ ಸುದ್ದಿ ಬಂದೊಡನೆ ಶೇಕಡಾ ಎಷ್ಟು ಎಂದು ಕೇಳುತ್ತೇವೆ. ಆ ಶೇಕಡಾ ಎಲ್ಲಿ ಹುಟ್ಟಿತು ಎಂದು ಕೇಳುವವರು ವಿರಳ. ಅದರ ಹಿಂದೆ ನೂರು ವರ್ಷಗಳ ಒಂದು ಇತಿಹಾಸವಿದೆ.

ಬೆಲೆಗಳನ್ನು ಬರೆದಿಡುವುದು ರಾಜ್ಯಾಡಳಿತಕ್ಕೆ ಹೊಸದೇನಲ್ಲ. ಬ್ರಿಟಿಷ್ ಸರ್ಕಾರವೂ ಧಾನ್ಯದ ಧಾರಣೆಯನ್ನು, ಕೂಲಿಯ ದರವನ್ನು ಸಂಪುಟಗಳಲ್ಲಿ ಪ್ರಕಟಿಸುತ್ತಿತ್ತು. ಆದರೆ ಅವು ಕಂದಾಯ, ಕ್ಷಾಮ, ವ್ಯಾಪಾರಗಳ ದೃಷ್ಟಿಯಿಂದ ಬರೆದ ಲೆಕ್ಕಗಳು. ದುಡಿಯುವವನ ಸಂಸಾರ ತಿಂಗಳನ್ನು ಹೇಗೆ ನೂಕುತ್ತದೆ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಮೊದಲ ಮಹಾಯುದ್ಧದ ತರುವಾಯ. 1921ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾರ್ಮಿಕ ಕಚೇರಿ ಆರಂಭವಾಯಿತು. ಜುಲೈ 1914ರ ಬೆಲೆಗಳನ್ನು ನೂರೆಂದು ಹಿಡಿದು ಅದು ಜೀವನವೆಚ್ಚದ ಸೂಚ್ಯಂಕವನ್ನು ಪ್ರಕಟಿಸತೊಡಗಿತು.

ಸೂಚ್ಯಂಕದ ಮರ್ಮ ಸರಳವಾದದ್ದು. ಜರ್ಮನಿಯ ವಿದ್ವಾಂಸ ಲಾಸ್ಪೇರ್ 1871ರಲ್ಲಿ ಕೊಟ್ಟ ಸೂತ್ರ ಇಂದಿಗೂ ಅದರ ತಳಹದಿ. ಒಂದು ಸಂಸಾರ ಕೊಳ್ಳುವ ಪದಾರ್ಥಗಳ ಬುಟ್ಟಿಯೊಂದನ್ನು ಗೊತ್ತುಮಾಡಿಕೊಂಡು, ಅದೇ ಬುಟ್ಟಿಗೆ ಈಗ ಎಷ್ಟು ಹಣ ಬೇಕೆಂದು ನೋಡುವುದು. ನೂರು ರೂಪಾಯಿ ಖರ್ಚಿನಲ್ಲಿ ಆಹಾರಕ್ಕೆ ಅರವತ್ತು ಹೋಗುತ್ತದೆನ್ನಿ. ಆಹಾರದ ಬೆಲೆ ಶೇಕಡಾ ಹತ್ತು ಏರಿದರೆ ಸೂಚ್ಯಂಕ ಆರು ಅಂಶ ಏರುತ್ತದೆ. ಆ ಅರವತ್ತನ್ನು ಮೂವತ್ತೆಂದು ಬರೆದುಬಿಟ್ಟರೆ ಏರಿಕೆ ಮೂರೇ. ಅಂಗಡಿಯ ಬೆಲೆ ಒಂದೇ. ಕಾರ್ಮಿಕನ ಕೈಸೇರುವ ಹಣ ಮಾತ್ರ ಬೇರೆ. ಆದ್ದರಿಂದ ಬುಟ್ಟಿ ಯಾರದು, ಅದನ್ನು ತುಂಬಿದ್ದು ಯಾವಾಗ ಎಂಬುದೇ ಮೂಲಪ್ರಶ್ನೆ. ಮುಂಬಯಿಯ ಮೊದಲ ಸೂಚ್ಯಂಕ ದೇಶದ ಒಟ್ಟು ಬಳಕೆಯನ್ನು ಆಧರಿಸಿತ್ತು. ದೇಶದ ಒಟ್ಟು ಬಳಕೆ ಬೇರೆ, ಗಿರಣಿ ಕಾರ್ಮಿಕನ ಚಾಳಿನ ಅಡುಗೆಮನೆ ಬೇರೆ. 1932-33ರಲ್ಲಿ ಕುಟುಂಬಗಳ ಆಯವ್ಯಯವನ್ನೇ ವಿಚಾರಿಸಿ, 1933-34ನ್ನು ಆಧಾರವರ್ಷವಾಗಿಟ್ಟ ಹೊಸ ಸೂಚ್ಯಂಕವನ್ನು ರೂಪಿಸಲಾಯಿತು.

ಎರಡನೆಯ ಮಹಾಯುದ್ಧ ಬೆಲೆಗಳನ್ನು ಮತ್ತೆ ಏರಿಸಿತು. ರೈಲ್ವೆ ಕಾರ್ಮಿಕರು ತುಟ್ಟಿಭತ್ಯೆ ಕೇಳಿದಾಗ 1940ರಲ್ಲಿ ನೇಮಕಗೊಂಡ ವಿಚಾರಣಾ ಮಂಡಲಿಯ ಅಧ್ಯಕ್ಷರು ಬೆನಗಲ್ ನರಸಿಂಗರಾಯರು. ಮುಂದೆ ಸಂವಿಧಾನ ರಚನಾಸಭೆಯ ಸಲಹೆಗಾರರಾದ, ನಮ್ಮ ದಕ್ಷಿಣ ಕನ್ನಡದವರೇ ಆದ ಬಿ. ಎನ್. ರಾವ್. ನಂಬಲರ್ಹವಾದ ಸೂಚ್ಯಂಕವಿಲ್ಲದೆ ನ್ಯಾಯವಾದ ಭತ್ಯೆ ನಿರ್ಧರಿಸುವುದು ಹೇಗೆ? ಸೂಚ್ಯಂಕಗಳನ್ನು ಕ್ರಮವಾಗಿ ಕಾಯ್ದುಕೊಂಡು ಬರಬೇಕೆಂದು ಮಂಡಲಿ ಹೇಳಿತು. ಆ ದಾರಿಯಲ್ಲಿ ನಡೆದ ಪ್ರಯತ್ನಗಳ ಫಲವಾಗಿ 1946ರ ಅಕ್ಟೋಬರ್ 1ರಂದು ಶಿಮ್ಲಾದಲ್ಲಿ ಲೇಬರ್ ಬ್ಯೂರೋ ಸ್ಥಾಪನೆಯಾಯಿತು.

ಆದರೆ ಅಂಕಿಗಳಿಗೂ ಮುಪ್ಪು ಬರುತ್ತದೆ. 1933-34ರ ಬುಟ್ಟಿಯನ್ನೇ ಹೊತ್ತು ಮುಂಬಯಿ ಸೂಚ್ಯಂಕ ಮೂವತ್ತು ವರ್ಷ ನಡೆಯಿತು. ಅಷ್ಟರಲ್ಲಿ ಯುದ್ಧ, ಪಡಿತರ, ಸ್ವಾತಂತ್ರ್ಯ ಎಲ್ಲವೂ ಬಂದುಹೋಗಿದ್ದವು. ಪೇಟೆಯ ಬೆಲೆ ಒಂದು, ಸೂಚ್ಯಂಕದ ಬೆಲೆ ಇನ್ನೊಂದು ಎಂದು 1963ರಲ್ಲಿ ಕಾರ್ಮಿಕ ಸಂಘಗಳು ಬೀದಿಗಿಳಿದವು. ಮಹಾರಾಷ್ಟ್ರ ಸರ್ಕಾರ ಅರ್ಥಶಾಸ್ತ್ರಜ್ಞ ಡಿ. ಟಿ. ಲಕಡಾವಾಲಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸೂಚ್ಯಂಕ ಇರಬೇಕಾದುದಕ್ಕಿಂತ ಕೆಳಗಿದೆ ಎಂಬುದನ್ನು ತಜ್ಞರೇ ಒಪ್ಪಿದರು. ಗಣಿತದ ವಿದ್ಯೆಯಿಲ್ಲದ ಗೃಹಿಣಿ ತನ್ನ ಸೆರಗಿನ ಗಂಟಿನಿಂದ ಅರಿತಿದ್ದ ಸತ್ಯ ಹೀಗೆ ಸರ್ಕಾರಿ ಕಾಗದಕ್ಕೆ ಏರಿತು.

ಅಷ್ಟರಲ್ಲಿ 1958-59ರಲ್ಲಿ 50 ಕೇಂದ್ರಗಳ ಕಾರ್ಮಿಕ ಕುಟುಂಬಗಳ ಸಮೀಕ್ಷೆ ನಡೆದು, 1960ನ್ನು ಆಧಾರವಾಗುಳ್ಳ ಹೊಸ ಸರಣಿಗೆ ಅಡಿಪಾಯ ಬಿದ್ದಿತ್ತು. ನಮ್ಮ ಬೆಂಗಳೂರು, ಕೋಲಾರದ ಚಿನ್ನದ ಗಣಿ, ಕಾಫಿತೋಟಗಳ ಚಿಕ್ಕಮಗಳೂರು, ಕೊಡಗಿನ ಅಮ್ಮತ್ತಿ ಆ ಪಟ್ಟಿಯಲ್ಲಿದ್ದವು. ಮುಂದೆ 1982, 2001, 2016 ಆಧಾರವರ್ಷಗಳಾದವು. 2016ರ ಸರಣಿಗೆ 88 ಕೇಂದ್ರಗಳ 317 ಮಾರುಕಟ್ಟೆಗಳಿಂದ ಬೆಲೆಗಳು ಬರುತ್ತವೆ. 2001ರ ಸರಣಿಯಲ್ಲಿ ಶೇಕಡಾ 46ರಷ್ಟಿದ್ದ ಆಹಾರದ ತೂಕ ಇದರಲ್ಲಿ 39ಕ್ಕೆ ಇಳಿದಿದೆ; ಶಿಕ್ಷಣ, ಚಿಕಿತ್ಸೆ ಮೊದಲಾದವುಗಳ ತೂಕ ಏರಿದೆ. ಬದುಕು ಬದಲಾದುದರ ಗುರುತು ಇದು. ಜೊತೆಗೆ, ಅಕ್ಕಿ ಬೇಳೆಗಳಷ್ಟೇ ತುಟ್ಟಿಯಾದ ವರ್ಷ ಸೂಚ್ಯಂಕ ಹಿಂದಿನಷ್ಟು ಏರುವುದಿಲ್ಲ ಎಂಬುದೂ ನಿಜ.

ಹೆಸರಿನ ವಿಚಾರವನ್ನೂ ಹೇಳಬೇಕು. ‘ಜೀವನವೆಚ್ಚ’ ಎಂಬ ಹಳೆಯ ಹೆಸರು ಈಗಿಲ್ಲ. ‘ಗ್ರಾಹಕ ಬೆಲೆ ಸೂಚ್ಯಂಕ’ ಎನ್ನುತ್ತೇವೆ. ಇದು ಪ್ರಾಮಾಣಿಕವಾದ ಬದಲಾವಣೆಯೇ ಸರಿ. ಸಂಸಾರವೊಂದು ಏನನ್ನು ಕೊಂಡಿತು, ಅದರ ಬೆಲೆ ಎಷ್ಟಾಯಿತು ಎಂಬುದನ್ನಷ್ಟೇ ಈ ಲೆಕ್ಕ ಹೇಳಬಲ್ಲದು. ಬಡವನ ಬುಟ್ಟಿಯಲ್ಲಿ ಹಾಲಿಲ್ಲದಿದ್ದರೆ ಹಾಲಿನ ಬೆಲೆ ಏರಿದ್ದು ಅವನ ಲೆಕ್ಕಕ್ಕೆ ಬಾರದು. ಆದರೆ ಅವನ ಮಗುವಿಗೆ ಹಾಲು ಬೇಡವೆಂದು ಇದರ ಅರ್ಥವಲ್ಲ. ಬುಟ್ಟಿಯಲ್ಲಿ ಏನಿತ್ತೆಂದು ಹೇಳುವುದು ಅಂಕಿ ಅಂಶದ ಕೆಲಸ. ಏನಿರಬೇಕಿತ್ತೆಂದು ಕೇಳುವುದು ಸಮಾಜದ ಹೊಣೆ.