ಊರ ಹತ್ತಿರ ಬಂದ ಸರ್ಕಾರ: 1987ರ ಮಂಡಲ ಪಂಚಾಯಿತಿಗಳು

ಸರ್ಕಾರ ಎಂದರೆ ನಮ್ಮ ಹಳ್ಳಿಗಳ ಹಿರಿಯರಿಗೆ ಬಹುಕಾಲ ನೆನಪಾಗುತ್ತಿದ್ದುದು ತಾಲ್ಲೂಕು ಕಚೇರಿಯ ಜಗುಲಿ. ಅರ್ಜಿ ಹಿಡಿದು ಅಲ್ಲಿ ಕಾಯಬೇಕು. ‘ನಾಳೆ ಬಾ’ ಎಂದರೆ ಮರುಮಾತಿಲ್ಲದೆ ಊರಿಗೆ ಹಿಂದಿರುಗಬೇಕು. ಶಾಲೆಗೆ ಮೇಷ್ಟ್ರು ಬಾರದಿದ್ದರೆ, ಕೊಳವೆಬಾವಿಯ ಪಂಪು ಕೆಟ್ಟು ನಿಂತರೆ ಯಾರನ್ನು ಕೇಳಬೇಕು? ಕೇಳಿದರೂ ಆ ಅಧಿಕಾರಿ ಊರಿನವರಿಗೆ ಉತ್ತರ ಹೇಳಬೇಕಾದವರಲ್ಲ. ಅವರ ಮೇಲಿನವರು ಜಿಲ್ಲಾ ಕೇಂದ್ರದಲ್ಲಿ, ಅವರಿಗೂ ಮೇಲಿನವರು ಬೆಂಗಳೂರಿನಲ್ಲಿ. ಜನರಿಗೆ ಸರ್ಕಾರದ ಮೇಲೆ ವಿಶ್ವಾಸ ಏಕೆ ಕುಂದಿತು ಎಂಬುದಕ್ಕೆ ದೊಡ್ಡ ಕಾರಣಗಳನ್ನು ಹುಡುಕುವ ಮೊದಲು ಈ ದೂರವನ್ನು ಗಮನಿಸಬೇಕು.

ಹಾಗಾದರೆ ಆಗ ಪಂಚಾಯಿತಿಗಳು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಬಲವಂತರಾಯ್ ಮೆಹತಾ ಸಮಿತಿಯ 1957ರ ವರದಿಯ ನಂತರ, ಅಂದಿನ ಮೈಸೂರು ರಾಜ್ಯದಲ್ಲಿ 1959ರ ಕಾಯ್ದೆಯಂತೆ ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ ಹಾಗೂ ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳು ಏರ್ಪಟ್ಟವು. ಆದರೆ ಜಿಲ್ಲಾ ಪರಿಷತ್ತಿಗೆ ಅಧ್ಯಕ್ಷರು ಡೆಪ್ಯುಟಿ ಕಮಿಷನರ್ ಅವರೇ. ಗ್ರಾಮ ಪಂಚಾಯಿತಿಯ ಕೈಯಲ್ಲಿ ಹಣವೂ ಇಲ್ಲ, ನೌಕರರೂ ಇಲ್ಲ. ಹೆಸರಿಗೆ ಪಂಚಾಯಿತಿ, ಅಷ್ಟೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರ ಪಾಲಿಗೆ ಬಂತು. ಬರಗಾಲದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ್ದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಕುಡಿಯುವ ನೀರು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಅವರು ಕೊಟ್ಟ ಕಾಯ್ದೆಯ ನೆನಪು ಅಷ್ಟಾಗಿ ಉಳಿದಿಲ್ಲ. ಅದಕ್ಕೆ ಅದರ ಉದ್ದನೆಯ ಹೆಸರೂ ಕಾರಣವಿರಬಹುದು: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯಿತಿ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳ ಕಾಯ್ದೆ, 1983. ರಾಷ್ಟ್ರಪತಿಗಳ ಅಂಕಿತ ದೊರೆತು ಅದು ಜಾರಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಈ ಕಾಯ್ದೆಯ ಸ್ವಾರಸ್ಯ ಅಧಿಕಾರದ ಕ್ರಮವನ್ನು ತಿರುಗಿಸಿಟ್ಟದ್ದರಲ್ಲಿದೆ. ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಅವರ ಅಧೀನದಲ್ಲಿ ಮುಖ್ಯ ಕಾರ್ಯದರ್ಶಿಯಾಗಿ ಐ.ಎ.ಎಸ್. ಅಧಿಕಾರಿಯೊಬ್ಬರು, ಅವರೂ ಡೆಪ್ಯುಟಿ ಕಮಿಷನರ್‌ಗಿಂತ ಸೇವೆಯಲ್ಲಿ ಹಿರಿಯರು. ಬ್ರಿಟಿಷರ ಕಾಲದಿಂದಲೂ ಜಿಲ್ಲೆಗೆ ದೊರೆಯಂತಿದ್ದ ಹುದ್ದೆಗಿಂತ ಮೇಲೆ ಓಟು ಪಡೆದು ಬಂದವರು ಕುಳಿತರು! ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಕೃಷಿ, ಪಶುವೈದ್ಯ ಮುಂತಾದ ಇಲಾಖೆಗಳ ಜಿಲ್ಲಾ ಮಟ್ಟದ ಕೆಲಸ, ಹಣ, ಸಿಬ್ಬಂದಿ ಪರಿಷತ್ತಿಗೆ ಬಂದವು. ಕೆಳಗೆ, ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ, ಅದಕ್ಕೊಬ್ಬ ಪ್ರಧಾನ. ಸ್ಥಾನಗಳಲ್ಲಿ ನಾಲ್ಕನೆಯ ಒಂದು ಭಾಗ ಮಹಿಳೆಯರಿಗೆ ಮೀಸಲು. ಸಂವಿಧಾನವೇ ಇಂಥ ಮೀಸಲಾತಿಯನ್ನು ಕಡ್ಡಾಯ ಮಾಡುವುದಕ್ಕಿಂತ ಆರು ವರ್ಷ ಮೊದಲು ಇಲ್ಲಿ ಸಾವಿರಾರು ಹೆಣ್ಣುಮಕ್ಕಳು ಸದಸ್ಯರಾದರು. ಎಷ್ಟೋ ಕಡೆ ಸಭೆಯಲ್ಲಿ ಮಾತನಾಡಿದ್ದು ಅವರ ಗಂಡಂದಿರೇ ಎಂಬುದೂ ನಿಜ.

ಇದರಿಂದ ಆದದ್ದೇನು? ಡಾ. ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯ ಮೌಲ್ಯಮಾಪನ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಹಳ್ಳಿಯ ಶಾಲೆಗಳಲ್ಲಿ ಶಿಕ್ಷಕರ, ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಹಾಜರಾತಿ ಸುಧಾರಿಸಿದ್ದು ಆ ಕಾಲದ ಮುಖ್ಯ ಫಲವೆಂದು ಎಲ್ಲರೂ ಒಪ್ಪುತ್ತಾರೆ. ಕಾರಣ ಸರಳ: ಮೇಷ್ಟ್ರು ಬಂದರೋ ಇಲ್ಲವೋ ಎಂಬುದು ಇಲಾಖೆಯ ಇನ್‌ಸ್ಪೆಕ್ಟರರಿಗಿಂತ ಮೊದಲು ಪಕ್ಕದ ಮನೆಯ ಸದಸ್ಯನಿಗೆ ಗೊತ್ತಾಗುತ್ತಿತ್ತು. ಮೇವಿನ ಕೊರತೆ, ಸಾಂಕ್ರಾಮಿಕ ರೋಗಗಳ ಸುದ್ದಿಯೂ ಬೇಗನೆ ಮೇಲಕ್ಕೆ ಮುಟ್ಟಿತು.

ಈ ಪ್ರಯೋಗವನ್ನು ಅಧ್ಯಯನ ಮಾಡಿ 1998ರಲ್ಲಿ ಗ್ರಂಥ ಪ್ರಕಟಿಸಿದ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಎಂಬ ವಿದ್ವಾಂಸರು ಒಂದು ವಿಚಿತ್ರ ಸಂಗತಿಯನ್ನು ಗುರುತಿಸಿದ್ದಾರೆ. ಲಂಚದಲ್ಲಿ ಪಾಲು ಪಡೆಯುವವರ ಸಂಖ್ಯೆ ಹೆಚ್ಚಿತು, ಆದರೆ ಒಟ್ಟಾರೆ ಸೋರಿಹೋಗುವ ಹಣ ಕಡಿಮೆಯಾಯಿತು. ಯಾವ ಕಾಮಗಾರಿಗೆ ಎಷ್ಟು ಹಣ ಬಂದಿದೆ ಎಂಬುದು ಊರಿಗೆಲ್ಲ ತಿಳಿಯುತ್ತಿದ್ದುದರಿಂದ ದೊಡ್ಡ ಮೊತ್ತ ನುಂಗುವುದು ಕಷ್ಟವಾಯಿತು. ಮೊದಲು ಕಾಣದಿದ್ದ ಸಣ್ಣ ಕಳ್ಳತನ ಈಗ ಕಣ್ಣಿಗೆ ಬೀಳತೊಡಗಿತು. ಭ್ರಷ್ಟಾಚಾರ ಹಳ್ಳಿಗೂ ಬಂತೆಂದು ಅನೇಕರು ಅಂದುಕೊಂಡದ್ದು ಸಹಜವೇ. ನನ್ನ ಅಭಿಪ್ರಾಯದಲ್ಲಿ, ಜನ ಲೆಕ್ಕ ಕೇಳಲು ಆರಂಭಿಸಿದ್ದೇ ವಿಶ್ವಾಸದ ಮೊದಲ ಗುರುತು. ನಂಬಿಕೆಯೇ ಇಲ್ಲದ ಕಡೆ ಯಾರೂ ಪ್ರಶ್ನಿಸಲು ಹೋಗುವುದಿಲ್ಲ.

ಪ್ರಶ್ನೆ ಎಲ್ಲರಿಗೂ ಹಿತವಾಗಲಿಲ್ಲ. ಮತದಾರರೆಲ್ಲ ಸೇರುವ ಗ್ರಾಮಸಭೆಯನ್ನು ವರ್ಷಕ್ಕೆ ಎರಡು ಬಾರಿ ಕರೆಯಬೇಕಿತ್ತು. ಮೊದಲ ಸಭೆಗಳಲ್ಲೇ ಮುಜುಗರಕ್ಕೆ ಒಳಗಾದ ಪ್ರಧಾನರು ಮುಂದೆ ಅದನ್ನು ಕರೆಯುವುದನ್ನೇ ಬಿಟ್ಟರು, ಇಲ್ಲವೇ ಯಾರಿಗೂ ತಿಳಿಯದಂತೆ ಮುಗಿಸಿದರು. ಇತ್ತ ತಮ್ಮ ಕ್ಷೇತ್ರದಲ್ಲಿ ತಮಗಿಂತ ಪ್ರಬಲರಾದವರು ಹುಟ್ಟಿಕೊಂಡರೆಂದು ಶಾಸಕರಿಗೂ ಅಸಮಾಧಾನ. ನಜೀರ್ ಸಾಬ್ ಅವರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. 1989ರ ಕೊನೆಗೆ ಸರ್ಕಾರವೂ ಬದಲಾಯಿತು. 1992ರ ಆರಂಭದಲ್ಲಿ ಅವಧಿ ಮುಗಿದ ಮಂಡಲಗಳಿಗೆ ಹೊಸ ಚುನಾವಣೆ ನಡೆಯಲಿಲ್ಲ. ಪ್ರಧಾನರ ಕುರ್ಚಿಗಳಿಗೆ ಆಡಳಿತಾಧಿಕಾರಿಗಳು ಬಂದರು. ಐದು ವರ್ಷ ಕಟ್ಟಿದ್ದನ್ನು ಒಂದು ಆದೇಶ ನಿಲ್ಲಿಸಿಬಿಟ್ಟಿತು.

ಹೀಗೆ ಆಗಬಾರದೆಂದೇ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಲ್ಲಿ ಪಂಚಾಯಿತಿಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಎಂದು ಬರೆಯಲಾಯಿತು. ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗವೂ ಬಂತು. ಅದೇ ವರ್ಷ ಕರ್ನಾಟಕ ಹೊಸ ಪಂಚಾಯತ್ ರಾಜ್ ಕಾಯ್ದೆ ಮಾಡಿ, ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಸಿತು. ಮಹಿಳೆಯರ ಪಾಲು ಮೂರನೆಯ ಒಂದು ಭಾಗಕ್ಕೆ, 2010ರಲ್ಲಿ ಅರ್ಧಕ್ಕೆ ಏರಿತು.

ಸಂವಿಧಾನದ ಈ ಮಾತಿಗೂ ದಾರಿ ತಪ್ಪಿಸುವವರಿದ್ದಾರೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಆ ಸಭಾಂಗಣಗಳಲ್ಲಿಯೂ ಆಡಳಿತಾಧಿಕಾರಿಗಳು ಬಂದು ಕುಳಿತರು.